ಲ್ಯಾಬ್ರಡಾರ್ ನಾಯಿಯ ಮಂಡಿ ಎಷ್ಟು ಡಿಗ್ರಿ ಚಾಚಬೇಕು?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಹೆಣ್ಣುನಾಯಿಗೆ ಆರು ವರ್ಷ. ಬಲ ಹಿಂಗಾಲಿನ ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿದಿಡುವ ನಾರುಪಟ್ಟಿ) ಹರಿದಿತ್ತು. ಕೆಳಗಾಲಿನ ಮೂಳೆಯ ಮೇಲ್ತುದಿಯನ್ನು ಕತ್ತರಿಸಿ ತಿರುಗಿಸಿ ಕೂರಿಸುವ ಟಿಪಿಎಲ್‌ಒ ಶಸ್ತ್ರಚಿಕಿತ್ಸೆ ಮಾಡಿಸಿ ಎರಡು ತಿಂಗಳಾಯಿತು. ಭೇಟಿಗೆ ಹೋದಾಗಲೆಲ್ಲ ವೈದ್ಯರು ಕೋನಮಾಪಕದಿಂದ ಮಂಡಿಯನ್ನು ಅಳೆಯುತ್ತಾರೆ. ಕಾಲು ಚಾಚಿದಾಗ ಮೊದಲು 146 ಡಿಗ್ರಿ ಬಂತು, ಆಮೇಲೆ 143, ಈಗ 147. ಕಾಲು ಸುಧಾರಿಸುತ್ತಿದೆಯೇ? ನಾವೇ ಮನೆಯಲ್ಲಿ ಅಳೆಯಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಈ ಮೂರು ಅಂಕಿಗಳ ಏರಿಳಿತಕ್ಕೆ ಗಾಬರಿಯಾಗಬೇಡಿ, ಹಿಗ್ಗಲೂ ಬೇಡಿ. ಒಬ್ಬರೇ ಅಳೆದರೂ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಕೆಲವು ಡಿಗ್ರಿ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ನಾನು ಗಮನಿಸುವುದು ಬೇರೆಯದನ್ನು: ಮೂರೂ ಸಲ ಅಳತೆ 150ನ್ನು ಮುಟ್ಟಿಲ್ಲ. ಕಾಲು ಪೂರ್ತಿ ನೆಟ್ಟಗಾದರೆ 180 ಡಿಗ್ರಿ ಎಂಬ ಲೆಕ್ಕದಲ್ಲಿ, ಆರೋಗ್ಯವಂತ ಲ್ಯಾಬ್ರಡಾರ್‌ಗಳ ಮಂಡಿ ಸರಾಸರಿ 162 ಡಿಗ್ರಿಯವರೆಗೆ ಚಾಚುತ್ತದೆ, ಸುಮಾರು 41 ಡಿಗ್ರಿಯವರೆಗೆ ಮಡಚುತ್ತದೆ. ನಿಮ್ಮ ನಾಯಿಯ ಕಾಲು ಇನ್ನೂ ಪೂರ್ತಿ ಚಾಚುತ್ತಿಲ್ಲ ಎಂದಾಯಿತು.

ಚಾಚುವಿಕೆಗೆ ಇಷ್ಟು ಬೆಲೆ ಕೊಡಲು ಕಾರಣವಿದೆ. ನಡೆಯುವಾಗ ನಾಯಿ ಮಂಡಿಯನ್ನು ಪೂರ್ತಿ ಮಡಚುವುದೇ ಇಲ್ಲ, ಹಾಗಾಗಿ ಮಡಚುವಿಕೆ ತುಸು ಕಡಿಮೆಯಾದರೂ ಹೇಗೋ ನಿಭಾಯಿಸಿಕೊಳ್ಳುತ್ತದೆ. ನೆಲವನ್ನು ಹಿಂದಕ್ಕೆ ತಳ್ಳಿ ಮುಂದೆ ಸಾಗಲು ಮಾತ್ರ ಮಂಡಿ ಚಾಚಲೇಬೇಕು. ಟಿಪಿಎಲ್‌ಒ ಆದ 412 ಮಂಡಿಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಾಚುವಿಕೆಯಲ್ಲಾಗಲಿ ಮಡಚುವಿಕೆಯಲ್ಲಾಗಲಿ 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಕಳೆದುಕೊಂಡ ನಾಯಿಗಳು ಹೆಚ್ಚು ಕುಂಟುತ್ತಿದ್ದುದು ಕಂಡುಬಂತು.

ಅಳತೆ ನಂಬಿಕೆಗೆ ಅರ್ಹವಾಗುವುದು ಅಳೆಯುವ ಕೈಯಿಂದ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಕೋನಮಾಪಕದ ನಡುಗೀಲನ್ನು ಮಂಡಿಯ ಹೊರಬದಿಯ ಮೂಳೆಯುಬ್ಬಿನ ಮೇಲಿಡಬೇಕು. ಒಂದು ತೋಳು ಸೊಂಟದ ಹತ್ತಿರ ಕೈಗೆ ಸಿಗುವ ತೊಡೆಮೂಳೆಯ ಗಂಟಿನ ಕಡೆಗೆ, ಇನ್ನೊಂದು ಹಿಂಗಾಲ ಹರಡಿನ ಹೊರಗಂಟಿನ ಕಡೆಗೆ ನೇರವಾಗಿರಬೇಕು. ಆಮೇಲೆ ಕಾಲನ್ನು ನಿಧಾನವಾಗಿ ಚಾಚುತ್ತಾ ಹೋಗಿ, ನಾಯಿ ತಲೆ ತಿರುಗಿಸಿ ನೋಡಿದ ಅಥವಾ ತೊಡೆ ಬಿಗಿಹಿಡಿದ ಕ್ಷಣದಲ್ಲಿ ನಿಲ್ಲಿಸಿ ಓದಬೇಕು. ಆ ಬಿಂದುವನ್ನು ದಾಟಿ ಒತ್ತಿದರೆ ಅಂಕಿಯೇನೋ ಚೆನ್ನಾಗಿ ಬರುತ್ತದೆ, ಆದರೆ ಅದು ನಾಯಿ ನೋವಿಲ್ಲದೆ ಚಾಚಬಲ್ಲ ಮಟ್ಟವಲ್ಲ. ಪ್ರತಿ ಸಲ ಒಬ್ಬರೇ ಮೂರು ಬಾರಿ ಅಳೆದು ಸರಾಸರಿ ಬರೆದಿಟ್ಟರೆ ಒಳ್ಳೆಯದು. ಅನೇಕ ಕಡೆ ಕಡತದಲ್ಲಿ ‘ಚಲನೆ ಪರವಾಗಿಲ್ಲ’ ಎಂದಷ್ಟೇ ಬರೆಯುತ್ತಾರೆ. ಅದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ನಿಮ್ಮ ವೈದ್ಯರು ಅಂಕಿಗಳನ್ನು ಬರೆಯುತ್ತಿರುವುದು ನಿಮ್ಮ ನಾಯಿಯ ಅದೃಷ್ಟ.

ಕೋನಮಾಪಕಕ್ಕೆ ಒಂದು ಮಿತಿಯೂ ಇದೆ. ಮಂಡಿ ಎಷ್ಟು ಚಾಚುತ್ತದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನಲ್ಲ. ಲಿಗಮೆಂಟ್ ಹರಿದ ಮಂಡಿಯಲ್ಲಿ ಭಾರ ಬಿದ್ದಾಗ ಕೆಳಗಾಲಿನ ಮೂಳೆ ತೊಡೆಮೂಳೆಯ ಅಡಿಯಿಂದ ಮುಂದಕ್ಕೆ ಜಾರುತ್ತದೆ. ಅದನ್ನು ವೈದ್ಯರು ಎರಡೂ ಮೂಳೆಗಳನ್ನು ಹಿಡಿದು, ಕೆಳಗಿನದನ್ನು ಮುಂದಕ್ಕೆ ತಳ್ಳಿ ಪತ್ತೆಹಚ್ಚುತ್ತಾರೆ. ಹರಿದದ್ದು ಅರ್ಧವಷ್ಟೇ ಆಗಿದ್ದರೆ ಆ ಪರೀಕ್ಷೆಯಲ್ಲೂ ಜಾರುವಿಕೆ ಸಿಗದೇ ಹೋಗಬಹುದು. ಆಗ ಕಾಲು ಪೂರ್ತಿ ಚಾಚುವಾಗ ಕಾಣುವ ನೋವೇ ಮುಖ್ಯ ಸುಳಿವು.

ಮನೆಯಲ್ಲಿ ಕೋನ ಅಳೆಯುವುದು ಬೇಡ. ಗುಣವಾಗುತ್ತಿರುವ ಮಂಡಿಯನ್ನು ಅಭ್ಯಾಸವಿಲ್ಲದ ಕೈ ಬಲವಂತವಾಗಿ ಎಳೆದರೆ ನೋವು ಹೆಚ್ಚುತ್ತದೆ, ನಾಯಿ ಕಾಲು ಮುಟ್ಟಿಸಿಕೊಳ್ಳುವುದನ್ನೇ ಬಿಡುತ್ತದೆ. ಅದರ ಬದಲು ನಾಯಿ ಕೂರುವುದನ್ನು ನೋಡಿ. ಎರಡೂ ಮಂಡಿಗಳನ್ನು ಸಮನಾಗಿ ಮಡಚಿ ನೇರ ಕೂತರೆ ಸರಿ, ಬಲಗಾಲನ್ನು ಪಕ್ಕಕ್ಕೆ ಚಾಚಿ ಕೂತರೆ ಇನ್ನೂ ತೊಂದರೆಯಿದೆ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ನಿಧಾನ ನಡಿಗೆಯಲ್ಲಿ, ಪಕ್ಕದಿಂದಲೂ ಹಿಂದಿನಿಂದಲೂ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಆಸ್ಪತ್ರೆಯ ನುಣುಪು ನೆಲದ ಮೇಲೆ ಹೆದರಿ ನಡೆಯುವ ನಾಯಿಗಿಂತ ನಿಮ್ಮ ಅಂಗಳದಲ್ಲಿ ನಡೆಯುವ ನಾಯಿ ವೈದ್ಯರಿಗೆ ಹೆಚ್ಚು ವಿಷಯ ತಿಳಿಸುತ್ತದೆ. ಚಾಚುವ ವ್ಯಾಯಾಮಗಳನ್ನು ಅವರೇ ನಿಮ್ಮ ಕೈ ಹಿಡಿದು ಕಲಿಸಿದ ಮೇಲಷ್ಟೇ ಮಾಡಿಸಿ. ಇದ್ದಕ್ಕಿದ್ದಂತೆ ಕುಂಟು ಹೆಚ್ಚಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಇನ್ನು ಎಡಗಾಲು. ನಾಯಿಗಳಲ್ಲಿ ಈ ಲಿಗಮೆಂಟ್ ಬಹುಮಟ್ಟಿಗೆ ಒಂದೇ ಪೆಟ್ಟಿಗೆ ಹರಿಯುವುದಿಲ್ಲ, ಅದರ ನಾರುಗಳು ಕ್ರಮೇಣ ಸವೆಯುತ್ತವೆ. ಒಂದು ಮಂಡಿ ಕೆಟ್ಟ ನಾಯಿಗಳಲ್ಲಿ ಅನೇಕಕ್ಕೆ ಇನ್ನೊಂದೂ ಕೆಡುತ್ತದೆ. ಆದ್ದರಿಂದ ತೂಕ ಏರಲು ಬಿಡಬೇಡಿ. ಮುಂದಿನ ಭೇಟಿಯಲ್ಲಿ ಎಡ ಮಂಡಿಯನ್ನೂ ಅಳೆದು ಬರೆದಿಡಲು ವೈದ್ಯರನ್ನು ಕೇಳಿಕೊಳ್ಳಿ.