ಎರಡು ಸಾವಿರ ವ್ಯಾಟಿನ ಗೀಸರ್ ನಿಜಕ್ಕೂ ಎಷ್ಟು ವ್ಯಾಟ್ ಎಳೆಯುತ್ತದೆ?

ಪ್ರಶ್ನೆ: ಸೋಮವಾರಪೇಟೆ ಕಡೆ ಕಾಫಿ ತೋಟದ ಒಳಗೆ ನಮ್ಮ ಮನೆಯಿದ್ದು, ಟ್ರಾನ್ಸ್‌ಫಾರ್ಮರ್ ಬಹಳ ದೂರದಲ್ಲಿದೆ. ಸಂಜೆಯಾದರೆ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ನಮ್ಮ 15 ಲೀಟರಿನ ಗೀಸರಿನ ಮೇಲೆ 2000 ವ್ಯಾಟ್, 230 ವೋಲ್ಟ್ ಎಂದು ಬರೆದಿದ್ದರೂ ನೀರು ಕಾಯಲು ನಲವತ್ತು ನಿಮಿಷ ಹಿಡಿಯುತ್ತದೆ. ನೋಡಲು ಬಂದ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಾಕಿ, 6.4 ಆಂಪಿಯರ್ ಮಾತ್ರ ಹೋಗುತ್ತಿದೆ, ಕಾಯಿಲ್ ಬದಲಿಸಿ ಎಂದರು. ಬದಲಿಸಬೇಕೇ? ಹೆಚ್ಚು ಹೊತ್ತು ಉರಿಯುವುದರಿಂದ ಬಿಲ್ಲೂ ಏರುತ್ತದೆಯೇ?

ಉತ್ತರ: ಕಾಯಿಲಿಗೆ ದುಡ್ಡು ಹಾಕುವ ಮುನ್ನ ತಾವು ಬರೆದಿರುವ ಅಂಕಿಗಳನ್ನೇ ಒಮ್ಮೆ ಭಾಗಿಸಿ ನೋಡೋಣ. ವೋಲ್ಟೇಜನ್ನು ಆಂಪಿಯರಿನಿಂದ ಭಾಗಿಸಿದರೆ ಸಿಗುವುದು ರೋಧ, ಅಂದರೆ ಕರೆಂಟಿನ ಹರಿವಿಗೆ ತಂತಿ ಒಡ್ಡುವ ತಡೆ; ಅದರ ಅಳತೆ ಓಮ್. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ, ಇಂದು ಹತ್ತನೆಯ ತರಗತಿಯ ಮಕ್ಕಳು ಬಾಯಿಪಾಠ ಮಾಡುವ ನಿಯಮದ ಲೆಕ್ಕ ಇದು. 170ನ್ನು 6.4ರಿಂದ ಭಾಗಿಸಿದರೆ ಸುಮಾರು 26.5 ಓಮ್ ಬರುತ್ತದೆ. ಇನ್ನು ಗೀಸರಿನ ಮೇಲಿನ ಬರಹ ಏನು ಹೇಳುತ್ತದೆಂದು ನೋಡೋಣ. ಸಾಮರ್ಥ್ಯವೆಂದರೆ (ವ್ಯಾಟ್) ವೋಲ್ಟೇಜ್ ಮತ್ತು ಪ್ರವಾಹಗಳ (ಆಂಪಿಯರ್) ಗುಣಲಬ್ಧವಾದ್ದರಿಂದ, 2000ವನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್ ಸಿಗುತ್ತದೆ, 230ನ್ನು ಮತ್ತೆ ಆ 8.7ರಿಂದ ಭಾಗಿಸಿದರೆ 26.4 ಓಮ್. ಎರಡು ದಾರಿಯಿಂದ ಹೋದರೂ ರೋಧ ಒಂದೇ. ತಮ್ಮ ಕಾಯಿಲ್ ಚೆನ್ನಾಗಿಯೇ ಇದೆ.

ಹಾಗಾದರೆ 2000 ವ್ಯಾಟ್ ಎಂಬ ಬರಹ ಸುಳ್ಳೇ? ಅಲ್ಲ, ಅದು 230 ವೋಲ್ಟ್ ಇದ್ದಾಗ ಮಾತ್ರ ನಿಜ. ಕಾಯಿಲಿಗೆ ಸ್ವಂತದ್ದು ಎನ್ನುವುದು ರೋಧವೊಂದೇ. ಎಷ್ಟು ವ್ಯಾಟ್ ಎಂಬುದು ಕೊಟ್ಟ ವೋಲ್ಟೇಜಿನ ಮೇಲೆ ನಿಂತಿದೆ. ತಮ್ಮ ಮನೆಯಲ್ಲಿ ಸಂಜೆ ಅದು 170ನ್ನು 6.4ರಿಂದ ಗುಣಿಸಿದಷ್ಟು, ಅಂದರೆ 1088 ವ್ಯಾಟ್. ವೋಲ್ಟೇಜ್ ಕಾಲುಭಾಗದಷ್ಟು ಇಳಿದರೆ ಸಾಮರ್ಥ್ಯ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ವೋಲ್ಟೇಜಿನ ಜೊತೆಗೆ ಪ್ರವಾಹವೂ ಇಳಿದು, ಗುಣಿಸುವ ಎರಡೂ ಅಂಕಿಗಳು ಸಣ್ಣದಾಗುತ್ತವೆ.

ಬಿಲ್ಲಿನ ಚಿಂತೆ ಬೇಡ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.7 ಯೂನಿಟ್ ಬೇಕು. ಅದನ್ನು 2000 ವ್ಯಾಟಿನಲ್ಲಿ 21 ನಿಮಿಷದಲ್ಲಿ ಕೊಟ್ಟರೂ 1088 ವ್ಯಾಟಿನಲ್ಲಿ 39 ನಿಮಿಷದಲ್ಲಿ ಕೊಟ್ಟರೂ ಮೀಟರ್ ತಿರುಗುವುದು ಅಷ್ಟೇ. ಹೆಚ್ಚಿನ ಹದಿನೆಂಟು ನಿಮಿಷದಲ್ಲಿ ತೊಟ್ಟಿಯ ಮೈಯಿಂದ ಆರುವ ಬಿಸಿ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ.

ಆದರೆ ಒಂದು ಪರೀಕ್ಷೆಯನ್ನು ಅದೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಗೀಸರ್ ಆರಿಸಿದಾಗ ಎಷ್ಟು ವೋಲ್ಟ್, ಹಾಕಿದ ಕೂಡಲೇ ಎಷ್ಟು ಎಂದು ಗೀಸರಿನ ಸಾಕೆಟ್ಟಿನಲ್ಲೂ ಮೀಟರ್ ಬೋರ್ಡಿನಲ್ಲೂ ಅಳೆಯಲಿ. ಸಾಕೆಟ್ಟಿನಲ್ಲಿ 177 ಇದ್ದದ್ದು 170ಕ್ಕೆ ಬಂತು ಎಂದುಕೊಳ್ಳಿ. ಆ 7 ವೋಲ್ಟನ್ನು 6.4ರಿಂದ ಭಾಗಿಸಿದರೆ ದಾರಿಯ ರೋಧ 1.1 ಓಮ್, ಗುಣಿಸಿದರೆ ದಾರಿಯಲ್ಲಿ ಬಿಸಿಯಾಗಿ ಹೋಗುವ ಸಾಮರ್ಥ್ಯ 45 ವ್ಯಾಟ್. ಬೋರ್ಡಿನಲ್ಲೂ ಅಷ್ಟೇ ಇಳಿದಿದ್ದರೆ ಆ ಬಿಸಿ ಕಂಬದಿಂದ ಕಂಬಕ್ಕೆ ಹೋಗುವ ಉದ್ದನೆಯ ತಂತಿಯಲ್ಲಿ ಹಂಚಿಹೋಗಿ ಗಾಳಿಯಲ್ಲಿ ಆರುತ್ತದೆ, ತಮ್ಮ ಮೀಟರಿಗೂ ಬರುವುದಿಲ್ಲ. ಬೋರ್ಡಿನಲ್ಲಿ ಇಳಿಯದೆ ಸಾಕೆಟ್ಟಿನಲ್ಲಿ ಮಾತ್ರ ಇಳಿದಿದ್ದರೆ, ಎಲ್ಲೋ ಸಡಿಲಗೊಂಡ ಒಂದು ಸ್ಕ್ರೂ ಆ 45 ವ್ಯಾಟನ್ನು ಒಬ್ಬಂಟಿಯಾಗಿ ನುಂಗುತ್ತಿರಬಹುದು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ 25 ವ್ಯಾಟಿನಲ್ಲೇ ಬೆಸುಗೆಯ ಲೋಹವನ್ನು ಕರಗಿಸುತ್ತದೆ. ಪ್ಲಗ್ಗಿನ ಪಿನ್ನು ಕಪ್ಪಾಗಿದ್ದರೆ, ಕಿತ್ತಾಗ ಕೈಗೆ ಬಿಸಿ ತಾಗಿದರೆ, ಕಾಯಿಲಿನ ದುಡ್ಡಿನಲ್ಲಿ ಹೊಸ 16 ಆಂಪಿಯರ್ ಸಾಕೆಟ್ ಹಾಕಿಸಿ.

ಮಲ್ಟಿಮೀಟರಿನಲ್ಲಿ ನೇರವಾಗಿ ರೋಧ ಅಳೆಯುವವರಿಗೆ ಒಂದು ಮಾತು. ಗೀಸರಿನ ಕಾಯಿಲ್ ನೈಕ್ರೋಮ್ ತಂತಿಯದು. ತಣ್ಣಗಿದ್ದಾಗಲೂ ಬಿಸಿಯಿದ್ದಾಗಲೂ ಅದರ ರೋಧ ಹೆಚ್ಚೇನೂ ಬದಲಾಗದು. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಬೀರುವಿನೊಳಗೆ ಉರಿಸುವ 60 ವ್ಯಾಟಿನ ಹಳೆಯ ಬಲ್ಬು ಹಾಗಲ್ಲ. ಲೆಕ್ಕದಂತೆ ಅದರ ರೋಧ 880 ಓಮ್ ಇರಬೇಕು, ಆರಿಸಿ ಅಳೆದರೆ 60–70 ಓಮ್ ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ, ಉರಿಯುವಾಗ ಎರಡು ಸಾವಿರ ಡಿಗ್ರಿ ಮೀರುವ ಟಂಗ್‌ಸ್ಟನ್ ತಂತಿಯ ರೋಧ ಆಗ ಹತ್ತು ಪಟ್ಟಿಗೂ ಮಿಗಿಲಾಗಿ ಏರಿರುತ್ತದೆ.

ಪ್ರಶ್ನೆ: ವಿರಾಜಪೇಟೆಯಲ್ಲಿರುವ ನಮ್ಮ ತೋಟದ ಕೆರೆಯಿಂದ ಮನೆಯ ಟ್ಯಾಂಕಿಗೆ ನೀರೆತ್ತುವ ಪಂಪಿಗೂ ಇದೇ ಲೆಕ್ಕ ನಡೆಯುತ್ತದೆಯೇ? ವೈಂಡಿಂಗ್ ಅಳೆದರೆ 4 ಓಮ್ ಇದೆ.

ಉತ್ತರ: ನಡೆಯುವುದಿಲ್ಲ. 230ನ್ನು 4ರಿಂದ ಭಾಗಿಸಿದರೆ 57 ಆಂಪಿಯರ್ ಬರುತ್ತದೆ. ಅಷ್ಟು ಹರಿದರೆ ಪಂಪು ಉಳಿದೀತೇ? ಏಸಿ ಕರೆಂಟಿನಲ್ಲಿ ಸುರುಳಿಯ ಕಾಂತತ್ವವೂ ತಿರುಗುವ ಮೋಟಾರೂ ಪ್ರವಾಹವನ್ನು ತಡೆಯುವುದರಿಂದ, ತಂತಿಯ ರೋಧವೊಂದನ್ನೇ ಹಿಡಿದು ಭಾಗಿಸುವಂತಿಲ್ಲ. ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧವನ್ನೂ ಪವರ್ ಫ್ಯಾಕ್ಟರಿನಿಂದ (ಆ ಗುಣಲಬ್ಧದಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಎಂದು ಹೇಳುವ ಅಂಕಿ) ಮತ್ತೊಮ್ಮೆ ಗುಣಿಸಬೇಕು: 230 ವೋಲ್ಟ್, 6 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಆದರೆ ಸುಮಾರು 1100 ವ್ಯಾಟ್. ಇನ್ನೊಂದು ವ್ಯತ್ಯಾಸವಿದೆ. ವೋಲ್ಟೇಜ್ ಇಳಿದರೆ ಗೀಸರ್ ಕಡಿಮೆ ಆಂಪಿಯರ್ ಎಳೆಯುತ್ತದೆ. ಪಂಪು ಅದೇ ನೀರನ್ನು ಎತ್ತಲೇಬೇಕಾದ್ದರಿಂದ ಹೆಚ್ಚು ಎಳೆದು ಬಿಸಿಯಾಗುತ್ತದೆ. ಸ್ವಿಚ್ ಹಾಕಿದಾಗ ತಿರುಗದೆ ಬರೀ ಗುಂಯ್‌ಗುಟ್ಟಿದರೆ ಮಾಮೂಲಿನ ನಾಲ್ಕೈದು ಪಟ್ಟು ಪ್ರವಾಹ ಹರಿಯುತ್ತಿರುತ್ತದೆ, ತಕ್ಷಣ ಆರಿಸಿ, ವೋಲ್ಟೇಜ್ ಸರಿಯಿರುವ ಹೊತ್ತಿನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ.