ಬೋಟಿನ ತಳದ ಡೀಸೆಲ್ಲಿಗೆ ಅಯಸ್ಕಾಂತ

ಪ್ರಶ್ನೆ: ಬೋಟಿನ ತಳದಲ್ಲಿ ನಿಲ್ಲುವ ನೀರಿನಿಂದ ಡೀಸೆಲ್ ತೆಗೆಯಲು ಮಗಳು ಕಾಲೇಜಿನ ಲ್ಯಾಬಿನಲ್ಲಿ ಎಣ್ಣೆ ಹಿಡಿದು ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ನ್ಯಾನೊಪುಡಿ (ಅತಿ ಸೂಕ್ಷ್ಮ ಕಣಗಳ ಪುಡಿ) ಮಾಡಿದಳು. ಒಂದು ಸಲ ಕಂದು ಬಣ್ಣ ಬಂತು. ಮತ್ತೊಂದು ಸಲ ಕಪ್ಪಾಗಿಯೇ ಬಂತು, ಆದರೆ ಎಣ್ಣೆ ಹಿಡಿಯದೆ ನೀರಲ್ಲೇ ಕದಡಿ ನಿಂತಿತು. ಎಲ್ಲಿ ತಪ್ಪಿತು?
– ಓದುಗರು, ಬೈತಖೋಲ, ಕಾರವಾರ

ಉತ್ತರ: ಕಂದು ಬಂದದ್ದು ಗಾಳಿಯಿಂದ. ಬೇಕಾದ್ದು ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್. ಅದರಲ್ಲಿ ಕಬ್ಬಿಣ ಎರಡು ರೂಪದಲ್ಲಿರುತ್ತದೆ: ಫೆರಿಕ್ ಎರಡು ಪಾಲು, ಫೆರಸ್ ಒಂದು ಪಾಲು. ಗಾಳಿ ತಾಗಿದ ಫೆರಸ್ ಫೆರಿಕ್ ಆಗಿ ಲೆಕ್ಕ ಕೆಡುತ್ತದೆ. ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. 100 ಮಿಲಿಗೆ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.4 ಗ್ರಾಂ, ಫೆರಸ್ ಸಲ್ಫೇಟ್ ಹೆಪ್ಟಾಹೈಡ್ರೇಟ್ 2.8 ಗ್ರಾಂ ಸಾಕು. ಸಲ್ಫೇಟಿನ ಹಸಿರು ಹರಳಿಗೆ ಹಳದಿ ಪುಡಿ ಹತ್ತಿದ್ದರೆ ಆ ಡಬ್ಬಿ ಬೇಡ. ನಮ್ಮ ಕರಾವಳಿಯ ಹವೆಯಲ್ಲಿ ಅದು ಬೇಗ ಕೆಡುತ್ತದೆ. 80 ಡಿಗ್ರಿಗೆ ಕಾಯಿಸಿ, ಜೋರಾಗಿ ಕಲಕುತ್ತ, ಶೇ. 25ರ ಅಮೋನಿಯಾ 20 ಮಿಲಿ ಸುರಿಯಿರಿ. ಕ್ಷಣದಲ್ಲಿ ಕಪ್ಪಾಗಬೇಕು. ಫ್ಯೂಮ್ ಹುಡ್ (ಹೊಗೆ ಹೊರಗೆಳೆಯುವ ಲ್ಯಾಬಿನ ಗೂಡು) ಇಲ್ಲದೆ ಇದನ್ನು ಮಾಡಲೇಬಾರದು.

ಕದಡಿ ನಿಂತದ್ದಕ್ಕೆ ನಮ್ಮ ಅನುಮಾನ, ಪುಡಿ ಎಣ್ಣೆ ಹಿಡಿಯಲೆಂದು ಅದಕ್ಕೆ ಹೊದಿಸುವ ಓಲಿಯಿಕ್ ಆಮ್ಲದ ಮೇಲೆ. ಮೇಲಿನ ಅಳತೆಗೆ ಸುಮಾರು 2.3 ಗ್ರಾಂ ಪುಡಿ ಸಿಗುತ್ತದೆ, ಅದಕ್ಕೆ ಅರ್ಧ ಮಿಲಿ ಆಮ್ಲ ಸಾಕು. ಒಂದೇ ಪದರವಾದರೆ ಅಣುಗಳ ಎಣ್ಣೆಪ್ರಿಯ ಬಾಲ ಹೊರಗಿರುತ್ತದೆ. ಹೆಚ್ಚು ಸುರಿದರೆ ಎರಡನೇ ಪದರ ತಲೆಕೆಳಗಾಗಿ ಕೂರುತ್ತದೆ, ನೀರನ್ನು ಬಯಸುವ ತಲೆ ಹೊರಬರುತ್ತದೆ. ಪುಡಿ ನೀರಿನದೇ ಆಯಿತು! ಸಾರರಿಕ್ತ ಆಮ್ಲವನ್ನು ಹನಿಹನಿ ಹಾಕಿ ಪಿಎಚ್ 5ರ ಹತ್ತಿರ ತಂದರೆ ಗಂಟುಕಟ್ಟಿ ಕೆಳಗಿಳಿಯುತ್ತದೆ. ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯಿರಿ.

ಬಳಸುವಾಗ ತೇಲುವ ದಪ್ಪ ಡೀಸೆಲ್ಲನ್ನು ಮೊದಲು ಬಟ್ಟೆಯಲ್ಲಿ ಹೀರಿಸಿ ತೆಗೆಯಿರಿ. ಪುಡಿ ಏನಿದ್ದರೂ ಉಳಿದ ತೆಳು ಪೊರೆಗೆ. ನಿಯೊಡಿಮಿಯಂ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿಟ್ಟೇ ಅದ್ದಿ. ಹೊರತೆಗೆದ ಮೇಲೆ ಅಯಸ್ಕಾಂತವನ್ನು ಕೊಟ್ಟೆಯಿಂದ ಎಳೆದರೆ ಕಪ್ಪು ರಾಡಿ ಡಬ್ಬಿಗೆ ಜಾರುತ್ತದೆ. ಬರಿ ಅಯಸ್ಕಾಂತಕ್ಕೆ ಹತ್ತಿದರೆ ದಿನವಿಡೀ ಉಜ್ಜಿದರೂ ಹೋಗದು. ತಳ ತೊಳೆಯಲು ಸೋಪಿನ ಪುಡಿ ಹಾಕಿದ್ದರೆ ಎಣ್ಣೆ ಸಣ್ಣ ಹನಿಗಳಾಗಿ ಒಡೆದು ನೀರು ಹಾಲಿನಂತಾಗುತ್ತದೆ, ಸೋಪು ಸುತ್ತುವರಿದ ಆ ಹನಿಗೆ ಈ ಪುಡಿ ಸುಲಭವಾಗಿ ಅಂಟದು. ರಾಡಿಯನ್ನು ಕಡಲಿಗೆ ಚೆಲ್ಲಬೇಡಿ. ಹಳೆಯ ಎಂಜಿನ್ ಆಯಿಲ್ ಕೊಡುವಲ್ಲಿಯೇ, ಬೇರೆ ಡಬ್ಬಿಯಲ್ಲಿ ಕೊಡಿ.

ಪ್ರಶ್ನೆ: ಬೀಚಿಗೆ ಬಂದು ಬೀಳುವ ಡಾಂಬರು ಉಂಡೆಗಳಿಗೂ ಇದು ಆದೀತೇ?
– ಓದುಗರು, ಅಂಕೋಲಾ

ಉತ್ತರ: ಆಗದು. ಉಂಡೆಯ ಹೊರಮೈಗಷ್ಟೇ ಪುಡಿ ಹತ್ತುತ್ತದೆ. 2006ರಲ್ಲಿ ಕಾರವಾರದೆದುರು ಓಷನ್ ಸೆರಾಯಾ ಹಡಗು ಬಂಡೆಗೆ ಸಿಕ್ಕಾಗ ಸೋರಿದಂಥ ಗಟ್ಟಿ ಎಣ್ಣೆಗೂ ಅಷ್ಟೇ. ಕೈಗವಸು ಹಾಕಿ ಸಲಿಕೆಯಲ್ಲಿ ಎತ್ತಿ, ಮರಳನ್ನು ಆದಷ್ಟು ಕಡಿಮೆ ತೆಗೆಯಿರಿ.