ಮನೆಗೆ ಹೇಳಿದರೆ ಏಟು, ಹೇಳದಿದ್ದರೆ ಟಿಸಿ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯ ಶಿಕ್ಷಕಿ. ನಾಲ್ಕನೇ ತರಗತಿಯ ಒಬ್ಬ ಹುಡುಗನಿಂದ ಸಾಕಾಗಿ ಹೋಗಿದೆ. ಜುಲೈ ಕೊನೆಯಲ್ಲಿ ಒಬ್ಬನ ಕೈ ಕಚ್ಚಿದ. ಆಗಸ್ಟ್ ಕೊನೆಯಲ್ಲಿ ಬಿಸಿಯೂಟದ ಸಾಲಿನಲ್ಲಿ ಇನ್ನೊಬ್ಬನಿಗೆ ತಟ್ಟೆಯಲ್ಲಿ ಹೊಡೆದ. ಮೊನ್ನೆ ಪಾಠ ಓದು ಅಂದಿದ್ದಕ್ಕೆ ಪುಸ್ತಕ ಎಸೆದು, ನಕ್ಕ ಹುಡುಗಿಯನ್ನು ತಳ್ಳಿದ. ಡೆಸ್ಕಿನ ಮೂಲೆ ತಗುಲಿ ಅವಳ ಹಣೆಗೆ ಗಾಯವಾಯಿತು. ನಾನೂ ತಾಳ್ಮೆ ಕಳೆದುಕೊಂಡು ಎಲ್ಲರ ಎದುರು ಅವನ ಕೆನ್ನೆಗೆ ಬಾರಿಸಿದೆ. ಆಗಸ್ಟ್‌ನಲ್ಲಿ ತಂದೆಗೆ ಹೇಳಿದ್ದಕ್ಕೆ ಅವರು ಅವನಿಗೆ ಬೆಲ್ಟಿನಲ್ಲಿ ಹೊಡೆದಿದ್ದರು. ಈಗ ಹುಡುಗಿಯ ಮನೆಯವರು ಟಿಸಿ ಕೊಟ್ಟು ಕಳಿಸಿ ಅಂತಿದ್ದಾರೆ. ಹೆಡ್‌ಮಾಸ್ಟರ್ ತಂದೆಯನ್ನು ಕರೆಸಿ ಅಂತಾರೆ. ಕರೆಸಿದರೆ ಮತ್ತೆ ಏಟು. ಕರೆಸದಿದ್ದರೆ ನಾನು ಮುಚ್ಚಿಟ್ಟ ಹಾಗೆ. ಹುಡುಗ ದಡ್ಡನಲ್ಲ. ಆದರೆ ಓದು ಹಿಂದೆ, ಕ್ಲಾಸಿನಲ್ಲಿ ತೂಕಡಿಸುತ್ತಾನೆ. ಮನೆಯಲ್ಲಿ ತೆಲುಗು ಮಾತು. ತೋಟ ಪಾಲಿಗೆ ಮಾಡಿ ರೇಷ್ಮೆ ಹುಳ ಸಾಕುತ್ತಾರೆ. ಏನು ಮಾಡಲಿ?

ಉತ್ತರ: ಪ್ರೀತಿಯ ಟೀಚರಮ್ಮ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಓದುವಾಗ ಕಣ್ಣು ನಿಂತಿದ್ದು ತಾರೀಕುಗಳ ಮೇಲೆ. ಜುಲೈ ಕೊನೆ, ಆಗಸ್ಟ್ ಕೊನೆ, ಈಗ ಮೊನ್ನೆ. ಒಂದೊಂದಕ್ಕೂ ಹೆಚ್ಚುಕಡಿಮೆ ಒಂದು ತಿಂಗಳ ಅಂತರ. ನಡುವಿನ ದಿನಗಳಲ್ಲಿ ಅವನು ಹೇಗಿದ್ದ ಅಂತ ನೀವು ಬರೆದಿಲ್ಲ. ಹೆಚ್ಚಿನ ತೊಂದರೆ ಇರಲಿಲ್ಲ ಅಂತ ಕಾಣುತ್ತದೆ.

ನಿಮ್ಮ ಕಡೆಯ ರೇಷ್ಮೆ ಬೆಳೆ ನೆನಪಿಸಿಕೊಳ್ಳಿ. ಮೊಟ್ಟೆ ಒಡೆದು ಗೂಡು ಕಟ್ಟೋವರೆಗೆ 25ರಿಂದ 28 ದಿನ. ಹಿಪ್ಪುನೇರಳೆ ತೋಟವನ್ನು ಭಾಗ ಮಾಡಿ ಸರದಿಯಂತೆ ಸೊಪ್ಪು ಕೊಯ್ಯೋರು ಚಾಕಿ ಹುಳ, ಅಂದರೆ ಬೇರೆ ಕಡೆ ಸಾಕಿದ ಎಳೆ ಹುಳ ತಂದು ತಿಂಗಳಿಗೊಂದು ಬೆಳೆ ತೆಗೆಯುತ್ತಾರೆ. ಹುಳ ಸೊಪ್ಪು ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅಂತಾರೆ. ಅದರಲ್ಲಿ ಕೊನೆಯದಾದ ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಹುಳ ಹುಟ್ಟಿದಾಗಿನಿಂದ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ದಿನಗಳಲ್ಲೇ ತಿನ್ನುತ್ತದೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ರಾತ್ರಿ ಎದ್ದು ಹಾಕಬೇಕು. ಆಮೇಲೆ ಹುಳ ಹಣ್ಣಾದಾಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟೋಕೆ ಇಡೋ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮೈ ಹೊಳೆಯೋಕೆ ಶುರುವಾಗಿ, ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸೋ ಹುಳವನ್ನು ನೋಯಿಸದೆ ಎತ್ತೋಕೆ ಮಕ್ಕಳ ಬೆರಳೇ ವಾಸಿ ಅಂತ ಎಷ್ಟೋ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ.

ನನ್ನ ಊಹೆ ತಪ್ಪಿರಬಹುದು. ಆದರೆ ನಿಮ್ಮ ಹುಡುಗ ಗಲಾಟೆ ಮಾಡಿದ ಆ ವಾರಗಳಲ್ಲಿ ಅವರ ಹುಳದ ಮನೆಯಲ್ಲಿ ಏನು ನಡೆದಿತ್ತು ಅಂತ ಮೊದಲು ತಿಳಿದುಕೊಳ್ಳಿ. ಒಂದು ಸಣ್ಣ ನೋಟ್‌ಬುಕ್ ಇಡಿ. ಅವನು ಯಾವತ್ತು ತೂಕಡಿಸಿದ, ಯಾವತ್ತು ಸಿಟ್ಟಾದ, ಅದಕ್ಕೆ ಐದು ನಿಮಿಷ ಮುಂಚೆ ಏನಾಯಿತು, ಇಷ್ಟು ಬರೆದರೆ ಸಾಕು. ಮುಂದೆ ಹೆಡ್‌ಮಾಸ್ಟರ್ ಹತ್ತಿರ ಮಾತಾಡೋವಾಗ ನಿಮ್ಮ ಕೈಯಲ್ಲಿ ದೂರಿಗಿಂತ ಗಟ್ಟಿಯಾದದ್ದು ಇರುತ್ತದೆ.

ಓದಿನ ವಿಷಯವೂ ಇದೆ. ಮೂರನೇ ತರಗತಿವರೆಗೆ ನಲಿಕಲಿಯಲ್ಲಿ ಅವನು ನೆಲದ ಮೇಲೆ ಗುಂಪಿನಲ್ಲಿ ಕೂತು, ಕಾರ್ಡ್ ಹಿಡಿದು, ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಿದ್ದ. ಯಾರು ಎಷ್ಟನೇ ಮೆಟ್ಟಿಲಲ್ಲಿದ್ದಾರೆ ಅಂತ ಯಾರೂ ನಗುತ್ತಿರಲಿಲ್ಲ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪಾಠ, ಎದ್ದು ನಿಂತು ಓದು. ಮನೆಯ ಮಾತು ತೆಲುಗು, ರಾತ್ರಿ ನಿದ್ದೆಯಿಲ್ಲ, ಒತ್ತಕ್ಷರ ಬಂದ ಕಡೆ ನಾಲಿಗೆ ಹೊರಳಲ್ಲ, ಹಿಂದಿನಿಂದ ನಗು. ಪುಸ್ತಕ ಹಾರಿದ್ದು ಆಗ. ಸದ್ಯಕ್ಕೆ ಅವನನ್ನು ಎಲ್ಲರ ಎದುರು ಓದಿಸಬೇಡಿ. ಊಟ ಆದ ಮೇಲೆ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಆರ್‌ಬಿಎಸ್‌ಕೆ ಡಾಕ್ಟರ ತಂಡ ಶಾಲೆಗೆ ಬಂದಾಗ ಕಣ್ಣು, ಕಿವಿ ಎರಡನ್ನೂ ತೋರಿಸಿ.

ಟಿಸಿ ವಿಷಯದಲ್ಲಿ ಜಾಸ್ತಿ ಯೋಚನೆ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯೋವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಹೆಡ್‌ಮಾಸ್ಟರಿಗೆ ಇದು ಗೊತ್ತಿರುತ್ತದೆ, ನೀವು ನೆನಪಿಸಿದರೆ ಸಾಕು.

ಅದೇ ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯೋದನ್ನು ನಿಷೇಧಿಸುತ್ತದೆ. ನೀವು ಹೊಡೆದಿದ್ದೀರಿ. ಅದನ್ನು ಬಚ್ಚಿಡದೆ ಬರೆದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ: ಹೊಡೆದಿದ್ದು ಎಲ್ಲರ ಎದುರು, ತಪ್ಪಾಯಿತು ಅನ್ನೋದೂ ಎಲ್ಲರ ಎದುರೇ ಆಗಬೇಕು. "ನನಗೆ ಸಿಟ್ಟು ಬಂತು, ನಾನು ಹೊಡೆಯಬಾರದಿತ್ತು, ಇನ್ನು ಹೊಡೆಯಲ್ಲ" ಅಂತ ಮೂರು ಮಾತು ಸಾಕು. ಸಿಟ್ಟು ಬಂದವರು ಆಮೇಲೆ ಏನು ಮಾಡಬೇಕು ಅಂತ ಆ ಹುಡುಗನಿಗೆ ಇದುವರೆಗೆ ಯಾರೂ ತೋರಿಸಿಲ್ಲ. ಹೆಡ್‌ಮಾಸ್ಟರಿಗೂ ನೀವೇ ಹೇಳಿಬಿಡಿ, ಬೇರೆಯವರ ಬಾಯಿಂದ ಹೋಗೋದು ಬೇಡ.

ಗಾಯವಾದ ಹುಡುಗಿಯನ್ನು ಈ ಗಡಿಬಿಡಿಯಲ್ಲಿ ಮರೆಯಬೇಡಿ. ಅವಳ ಅಪ್ಪ ಅಮ್ಮನ ಸಿಟ್ಟು ನ್ಯಾಯವಾದದ್ದು. ಅವರ ಮನೆಗೆ ಹೋಗಿ, ಗಾಯ ನೋಡಿ. ಕೂರಿಸೋ ಜಾಗ ಹೇಗೆ ಬದಲಾಯಿಸುತ್ತೀರಿ, ಊಟದ ಸಾಲಿನಲ್ಲಿ ಅವನ ಪಕ್ಕ ಯಾರು ನಿಲ್ಲುತ್ತಾರೆ, ಆಟದ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಾರೆ, ಎಲ್ಲ ಬಿಡಿಸಿ ಹೇಳಿ. ಅವರಿಗೆ ಬೇಕಾಗಿರೋದು ಮಗಳು ಕ್ಷೇಮವಾಗಿರ್ತಾಳೆ ಅನ್ನೋ ಧೈರ್ಯ. ಹುಡುಗನ ಕೈಲಿ ಬಲವಂತವಾಗಿ ಸಾರಿ ಹೇಳಿಸಬೇಡಿ. ಅವಳ ಹರಿದ ಪುಸ್ತಕಕ್ಕೆ ರಟ್ಟು ಹಾಕಿಕೊಡೋದೋ, ಅವಳಿಗೆ ಬೇಕಾದ ಇನ್ನೇನೋ, ಕೈಯಿಂದ ಮಾಡೋ ಒಂದು ಕೆಲಸ ಇರಲಿ. ಅದೂ ಅವಳು ಒಪ್ಪಿದರೆ ಮಾತ್ರ.

ಇನ್ನು ನಿಮ್ಮ ನಿದ್ದೆ ಕೆಡಿಸಿರೋ ಪ್ರಶ್ನೆ, ಮನೆಗೆ ಹೇಳೋದೋ ಬೇಡವೋ. ನಾನು ಟೀಚರ್ ಆಗಿದ್ದ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗಿ ಪೆನ್ಸಿಲ್ ಕದ್ದಳು ಅಂತ ಗೇಟಿನ ಹತ್ತಿರ ಅವಳ ಅಪ್ಪನಿಗೆ ಹೇಳಿಬಿಟ್ಟೆ. ಸುಮ್ನೆ, ದಾರಿಯಲ್ಲಿ ಸಿಕ್ಕರು ಅಂತ. ಮಾರನೇ ದಿನ ಅವಳ ಮೀನಖಂಡದ ಮೇಲೆ ಹುಣಸೆ ಬರಲಿನ ಎರಡು ಬಾಸುಂಡೆ ಇದ್ದವು. ಅವಳು ಅಳಲಿಲ್ಲ. ಲಂಗ ಕೆಳಗೆ ಎಳೆದುಕೊಂಡು ಕೂತಳು. ಏಳನೇ ತರಗತಿ ಮುಗಿಸಿ ಹೋಗೋವರೆಗೆ ಅವಳಾಗಿ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಹೇಳಿ, ಮುಚ್ಚಿಡಬೇಡಿ. ಆದರೆ ತಂದೆಯನ್ನು ಆಫೀಸ್ ರೂಮಿಗೆ ಕರೆಸಿ ನಿಲ್ಲಿಸಬೇಡಿ. ಅಲ್ಲಿ ತಲೆ ತಗ್ಗಿಸಿದ ಅಪ್ಪ ಆ ಅವಮಾನವನ್ನು ಮನೆಗೆ ಹೊತ್ತುಕೊಂಡು ಹೋಗಿ ಮಗನ ಮೇಲೆ ಇಳಿಸುತ್ತಾನೆ. ನೀವೇ ಹೋಗಿ. ಹುಳ ಕೊನೇ ಜ್ವರ ಎದ್ದು ಸೊಪ್ಪು ತಿನ್ನುತ್ತಿರುವಾಗ ಹೋಗಬೇಡಿ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿ ಬಂದ ಮಾರನೇ ದಿನ ಹೋಗಿ, ಮನೆಯವರು ಅವತ್ತು ಸ್ವಲ್ಪ ಉಸಿರು ಬಿಟ್ಟಿರುತ್ತಾರೆ. ಅವನು ಚೆನ್ನಾಗಿ ಮಾಡಿದ ಲೆಕ್ಕದ ಪುಸ್ತಕವೋ ಚಿತ್ರವೋ ಕೈಯಲ್ಲಿರಲಿ. ಮಾತು ತೆಲುಗಿನಲ್ಲೇ ಶುರು ಮಾಡಿ. "ಮೀವಾಡು ಮಂಚಿವಾಡೇನಮ್ಮಾ", ನಿಮ್ಮ ಹುಡುಗ ಒಳ್ಳೆಯವನೇ ಅಮ್ಮಾ, ಅಂತ ಟೀಚರ್ ಬಾಯಿಂದ ಆ ತಾಯಿ ಯಾವತ್ತಾದರೂ ಕೇಳಿದ್ದಾರೋ ಇಲ್ಲವೋ.

ಆಮೇಲೆ ನಡೆದದ್ದು ಹೇಳಿ, ಹುಡುಗನ ಎದುರಿಗೇ, ಹೆಚ್ಚು ಮಾಡದೆ, ಕಡಿಮೆ ಮಾಡದೆ. ಜೊತೆಗೆ, "ಇದಕ್ಕೆ ಶಾಲೆಯಲ್ಲಿ ಏನು ಮಾಡಬೇಕೋ ಮಾಡಿದ್ದೀವಿ, ಮನೆಯಲ್ಲಿ ಇನ್ನೊಂದು ಶಿಕ್ಷೆ ಬೇಡ, ಬೆಲ್ಟು ಬೇಡವೇ ಬೇಡ" ಅಂತ ತಂದೆಯ ಮುಖ ನೋಡಿಕೊಂಡು ಹೇಳಿ. ಕೇಳೋದು ಒಂದೇ ಒಂದು: ಶಾಲೆ ಇರೋ ದಿನಗಳ ಹಿಂದಿನ ರಾತ್ರಿ ಒಂಬತ್ತಕ್ಕೆ ಅವನು ಮಲಗಬೇಕು. ದುಡಿಮೆಯ ಬಗ್ಗೆ ಉಪದೇಶ ಬೇಡ, ಪಾಲಿಗೆ ತೋಟ ಮಾಡೋರ ಕಷ್ಟ ಅವರಿಗೆ ಗೊತ್ತು. ಇಷ್ಟಾದ ಮೇಲೂ ಅವನ ಮೈಮೇಲೆ ಬರೆ ಕಂಡರೆ ತಡ ಮಾಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ತೆಗೆಯುತ್ತಾರೆ. ಆಗ ಹೆಡ್‌ಮಾಸ್ಟರೂ ನಿಮ್ಮ ಜೊತೆ ನಿಲ್ಲಬೇಕು.

ಅಷ್ಟರವರೆಗೆ ಕಾಯೋದು ಬೇಡ, ನಾಳೆಯೇ ಮಾಡಬಹುದಾದ್ದು ಒಂದಿದೆ. ಪ್ರಾರ್ಥನೆ ಮುಗಿದು ಎಲ್ಲರೂ ಒಳಗೆ ಹೋಗುವಾಗ ಅವನನ್ನು ಪಕ್ಕಕ್ಕೆ ಕರೆದು ಕೇಳಿ: "ನಿಮ್ಮ ಮನೆ ಹುಳ ಎಷ್ಟನೇ ಜ್ವರದಲ್ಲಿವೆಯೋ?" ಅವನಿಗೆ ಚೆನ್ನಾಗಿ ಗೊತ್ತಿರೋ ವಿಷಯ ಅದು. ಏನು ಹೇಳಿದ ಅಂತ ನನಗೂ ಬರೆಯಿರಿ.